ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ: ಚುನಾವಣೆ, ಪಕ್ಷಗಳು ಮತ್ತು ಹಿತಾಸಕ್ತಿ ಗುಂಪುಗಳು

ಬೆಳಗಾವಿ ಜಿಲ್ಲೆಗೆ ಹೊಂದಿಕೊಂಡಿರುವ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯಲ್ಲಿ ಪಕ್ಷಗಳಷ್ಟೇ ಪ್ರಬಲವಾಗಿ ಸಕ್ಕರೆ ಕಾರ್ಖಾನೆ, ಹಾಲು ಸಂಘ, ಮಗ್ಗ ಮತ್ತು ರೈತ ಸಂಘಟನೆಗಳು ಚುನಾವಣೆಗಳನ್ನು ರೂಪಿಸಿವೆ. ಇಲ್ಲಿನ ಮತಕ್ಷೇತ್ರಗಳ ಹೆಸರು ಮತ್ತು ಗಡಿ ಹಲವು ಸಲ ಬದಲಾಗಿರುವುದರಿಂದ, ಒಂದು ಕ್ಷೇತ್ರದ ಫಲಿತಾಂಶವನ್ನು ಇನ್ನೊಂದರದೆಂದು ಓದುವ ಗೊಂದಲ ಸಾಮಾನ್ಯವಾಗಿದೆ.

ಹಿನ್ನೆಲೆ

ಕೊಲ್ಹಾಪುರ ಸಂಸ್ಥಾನದ ಅರಸ ಶಾಹೂ ಮಹಾರಾಜರು 1902ರಲ್ಲಿ ಸರ್ಕಾರಿ ನೌಕರಿಗಳಲ್ಲಿ ಹಿಂದುಳಿದವರಿಗೆ ಶೇ. 50 ಮೀಸಲಾತಿ ಕೊಟ್ಟರು. ಅವರ ಬೆಂಬಲದಿಂದ ಬೆಳೆದ ಬ್ರಾಹ್ಮಣೇತರ ಚಳವಳಿ ಮುಂದಿನ ರಾಜಕಾರಣಕ್ಕೆ ನೆಲ ಹದಗೊಳಿಸಿತು. ಮಾಧವರಾವ್ ಬಾಗಲ್, ರತ್ನಪ್ಪ ಕುಂಭಾರ್ ಮುಂತಾದವರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಕಟ್ಟಿದ ಪ್ರಜಾ ಪರಿಷತ್ತು 1939ರಲ್ಲಿ ಜಯಸಿಂಗಪುರದಲ್ಲಿ ರೂಪುಗೊಂಡಿತು. ಸಂಸ್ಥಾನ 1949ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಮರಾಠಿ ಭಾಷಿಕರ ರಾಜ್ಯಕ್ಕಾಗಿ ನಡೆದ ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಅಲೆಯಲ್ಲಿ ಶೇತಕರಿ ಕಾಮಗಾರ್ (ರೈತ ಕಾರ್ಮಿಕ) ಪಕ್ಷ 1957ರಲ್ಲಿ ಕೊಲ್ಹಾಪುರದಿಂದ ಲೋಕಸಭೆಗೆ ಗೆದ್ದಿತು. ಆಮೇಲಿನ ದಶಕಗಳಲ್ಲಿ ಕಾಂಗ್ರೆಸ್ಸಿನದೇ ಮೇಲುಗೈ. 1977ರಲ್ಲಿ ಶೇತಕರಿ ಕಾಮಗಾರ್ ಪಕ್ಷದ ದಾಜಿಬಾ ದೇಸಾಯಿ ಗೆದ್ದದ್ದು ಅದಕ್ಕೆ ಅಪವಾದ.

ಹೆಸರು ಮತ್ತು ಗಡಿಯ ಗೊಂದಲ

‘ಇಚಲಕರಂಜಿ’ ಹೆಸರಿನ ವಿಧಾನಸಭಾ ಕ್ಷೇತ್ರ ಇಂದಿಗೂ ಇದೆ. ಅದೇ ಹೆಸರಿನ ಲೋಕಸಭಾ ಕ್ಷೇತ್ರ ಇದ್ದದ್ದು 1977ರಿಂದ 2009ರವರೆಗೆ ಮಾತ್ರ. ಅಲ್ಲಿಂದ ಕಾಂಗ್ರೆಸ್ಸಿನ ಬಾಳಾಸಾಹೇಬ್ ಮಾನೆ 1977ರಿಂದ 1991ರವರೆಗಿನ ಚುನಾವಣೆಗಳಲ್ಲಿ ಸತತವಾಗಿ ಗೆದ್ದರು. ಆಮೇಲೆ ಎರಡು ಬಾರಿ ಕಲ್ಲಪ್ಪ ಆವಾಡೆ, 1999 ಮತ್ತು 2004ರಲ್ಲಿ ರಾಷ್ಟ್ರವಾದಿ ಕಾಂಗ್ರೆಸ್ಸಿನ ನಿವೇದಿತಾ ಮಾನೆ ಆಯ್ಕೆಯಾದರು. 2008ರ ಮರುವಿಂಗಡಣೆಯಲ್ಲಿ ಅದರ ಬದಲಿಗೆ ಹಾತಕಣಂಗಲೆ ಲೋಕಸಭಾ ಕ್ಷೇತ್ರ ಬಂತು. ಸಾಂಗ್ಲಿ ಜಿಲ್ಲೆಯ ಇಸ್ಲಾಂಪುರ ಮತ್ತು ಶಿರಾಳ ವಿಧಾನಸಭಾ ಕ್ಷೇತ್ರಗಳೂ ಈ ಹೊಸ ಕ್ಷೇತ್ರದೊಳಗಿವೆ. ಆದ್ದರಿಂದ ಹಳೆಯ, ಹೊಸ ಲೋಕಸಭಾ ಕ್ಷೇತ್ರಗಳೆರಡರ ಮತಗಳಿಕೆಯನ್ನು ನೇರವಾಗಿ ಹೋಲಿಸಲಾಗದು.

ಅದೇ ಮರುವಿಂಗಡಣೆ ಜಿಲ್ಲೆಯ ವಿಧಾನಸಭಾ ಸ್ಥಾನಗಳನ್ನು 12ರಿಂದ 10ಕ್ಕೆ ಇಳಿಸಿತು. ಗಡಹಿಂಗ್ಲಜ ಕ್ಷೇತ್ರ ಇಲ್ಲವಾಯಿತು: ಪಟ್ಟಣ ಕಾಗಲ ಕ್ಷೇತ್ರಕ್ಕೆ ಹೋಯಿತು, ತಾಲೂಕಿನ ಬಹುಪಾಲು ಚಂದಗಡಕ್ಕೆ ಸೇರಿತು. 2004ರಿಂದ 2009ರವರೆಗೆ ವಿಧಾನಸಭಾಧ್ಯಕ್ಷರಾಗಿದ್ದ ಬಾಬಾಸಾಹೇಬ್ ಕುಪೇಕರ್ ಗಡಹಿಂಗ್ಲಜದ ಶಾಸಕರು; 2009ರಲ್ಲಿ ಅವರು ಚಂದಗಡದಿಂದ ಗೆದ್ದರು. ಪಟ್ಟಣದ ಮತದಾರರಿಗೆ ಅಂದಿನಿಂದ ಶಾಸಕರು, 1999ರಿಂದ ಕಾಗಲವನ್ನು ಪ್ರತಿನಿಧಿಸುತ್ತಿರುವ ಹಸನ್ ಮುಶ್ರೀಫ್. ತಮ್ಮದೇ ಕ್ಷೇತ್ರ ಕಳೆದುಕೊಂಡ ಗಡಹಿಂಗ್ಲಜದ ಮಟ್ಟಿಗೆ ಇದು ಯಾವ ಪಕ್ಷದ ಸೋಲುಗೆಲುವಿಗಿಂತಲೂ ದೊಡ್ಡ ತಿರುವು.

ಹಿತಾಸಕ್ತಿ ಗುಂಪುಗಳು

1963ರಲ್ಲಿ ಹುಟ್ಟಿದ, ‘ಗೋಕುಳ’ ಎಂದು ಹೆಸರಾದ ಜಿಲ್ಲಾ ಹಾಲು ಸಂಘ, ಜಿಲ್ಲಾ ಸಹಕಾರಿ ಬ್ಯಾಂಕ್ ಮತ್ತು ಸಕ್ಕರೆ ಕಾರ್ಖಾನೆಗಳ ಆಡಳಿತ ಮಂಡಳಿ ಚುನಾವಣೆಗಳಲ್ಲಿ ಪಕ್ಷದ ಗೆರೆ ದಾಟಿದ ಮೈತ್ರಿಕೂಟಗಳು ಮಾಮೂಲು. ಕಾರ್ಖಾನೆಯ ಅಧ್ಯಕ್ಷಗಿರಿ ಎಷ್ಟೋ ನಾಯಕರಿಗೆ ಶಾಸಕತ್ವದ ಮೆಟ್ಟಿಲಾಗಿದೆ. ಇಚಲಕರಂಜಿಯಲ್ಲಿ ವಿದ್ಯುತ್ ಮಗ್ಗದ ಮಾಲೀಕರು ಮತ್ತು ಕಾರ್ಮಿಕರು ಪ್ರತ್ಯೇಕ ಬಲಗಳು. ಕಾರ್ಮಿಕ ಸಂಘಗಳ ಬೆಂಬಲದಿಂದ ಸಿಪಿಐ(ಎಂ) ಕೂಡ ಇಲ್ಲಿಂದ ವಿಧಾನಸಭೆ ಪ್ರವೇಶಿಸಿದೆ.

ಕಾರ್ಖಾನೆಗಳ ಪ್ರಾಬಲ್ಯಕ್ಕೆ ಸವಾಲು ಬಂದದ್ದು ಕಬ್ಬಿನ ಗದ್ದೆಯಿಂದ. ಶರದ್ ಜೋಶಿಯವರ ಶೇತಕರಿ ಸಂಘಟನೆಯಿಂದ ಹೊರಬಂದ ರಾಜು ಶೆಟ್ಟಿ ಸ್ವಾಭಿಮಾನಿ ಶೇತಕರಿ ಸಂಘಟನೆ ಕಟ್ಟಿದರು. 2004ರಲ್ಲಿ ಶಿರೋಳದ ಶಾಸಕರಾದರು. 2009 ಮತ್ತು 2014ರಲ್ಲಿ ಹಾತಕಣಂಗಲೆಯಿಂದ ಲೋಕಸಭೆಗೆ ಹೋದರು. ಕಬ್ಬು ನುರಿಸುವ ಹಂಗಾಮಿಗೆ ಮುನ್ನ ಜಯಸಿಂಗಪುರದಲ್ಲಿ ನಡೆಯುವ ಕಬ್ಬು ಪರಿಷತ್ತು ಆ ವರ್ಷದ ದರದ ಬೇಡಿಕೆಯನ್ನು ಘೋಷಿಸುತ್ತದೆ.

ಅಂಚಿನಲ್ಲಿದ್ದವರ ಸಂಘಟನೆಯ ದಾಖಲೆ ರೈತ ಸಂಘಟನೆಗಳ ದಾಖಲೆಗೆ ಹೋಲಿಸಿದರೆ ತೆಳು. ಗಡಹಿಂಗ್ಲಜದಲ್ಲಿ 1975ರಲ್ಲಿ ನಡೆದ ದೇವದಾಸಿಯರ ಪರಿಷತ್ತು ಸವದತ್ತಿ ಯಲ್ಲಮ್ಮನ ಹೆಸರಿನಲ್ಲಿ ನಡೆಯುತ್ತಿದ್ದ ಪದ್ಧತಿಯನ್ನು ಸಾರ್ವಜನಿಕ ಪ್ರಶ್ನೆಯಾಗಿಸಿತು. ಕರ್ನಾಟಕ 1982ರಲ್ಲಿ ದೇವದಾಸಿ ನಿಷೇಧ ಕಾನೂನು ಮಾಡಿತು. ಚುನಾವಣಾ ಇತಿಹಾಸಗಳು ಬಿಟ್ಟುಬಿಡುವ ಗಡಹಿಂಗ್ಲಜದ ಈ ಪರಿಷತ್ತಿಗೆ ಅವುಗಳಲ್ಲಿ ಸ್ಥಾನ ಸಲ್ಲಬೇಕು.

ಗಡಿ ಮತ್ತು ಕನ್ನಡ

ಬೆಳಗಾವಿ ಜಿಲ್ಲೆಯಲ್ಲಿದ್ದ ಚಂದಗಡ 1956ರಲ್ಲಿ ಕೊಲ್ಹಾಪುರಕ್ಕೆ ಸೇರಿತು. ಗಡಹಿಂಗ್ಲಜ, ಶಿರೋಳ ತಾಲೂಕುಗಳಲ್ಲಿ ಕನ್ನಡ ಮನೆಮಾತಿನವರಿದ್ದಾರೆ. ಆದರೆ ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿಗೆ ಸಾಟಿಯಾಗುವ ಕನ್ನಡ ಭಾಷಿಕರ ಪಕ್ಷ ಇಲ್ಲಿ ಬೇರೂರಲಿಲ್ಲ. ಅವರ ಮತಗಳು ಕಬ್ಬು, ಹಾಲು, ಜಾತಿ ಮತ್ತು ಸ್ಥಳೀಯ ನಾಯಕತ್ವದ ಲೆಕ್ಕದಲ್ಲೇ ಹಂಚಿಹೋದವು. ಅಂಥ ಸ್ಥಳೀಯ ನಾಯಕತ್ವಕ್ಕೆ ಉದಾಹರಣೆಯಾಗಿ, ಗಡಹಿಂಗ್ಲಜದಲ್ಲಿ ಶ್ರೀಪತರಾವ್ ಶಿಂದೆ ಜನತಾ ಪರಿವಾರವನ್ನು ಬೆಳೆಸಿದರು. ಮಹಾರಾಷ್ಟ್ರದ ಉಳಿದೆಡೆ ಕ್ಷೀಣಿಸಿದ್ದ ಜನತಾ ದಳ (ಜಾತ್ಯತೀತ) 2016ರಲ್ಲಿ ಇಲ್ಲಿನ ನಗರಾಧ್ಯಕ್ಷ ಸ್ಥಾನ ಗೆದ್ದಿತು.

2014ರ ಬಳಿಕ

2014ರಲ್ಲಿ ಶಿವಸೇನೆ ಜಿಲ್ಲೆಯ 10ರಲ್ಲಿ 6 ವಿಧಾನಸಭಾ ಸ್ಥಾನ ಗೆದ್ದಿತು. 2019ರಲ್ಲಿ ಅದಕ್ಕೆ ಉಳಿದದ್ದು ಒಂದೇ, ಕಾಂಗ್ರೆಸ್ಸಿಗೆ 4 ದಕ್ಕಿದವು. ಇಚಲಕರಂಜಿ 2022ರಲ್ಲಿ ಮಹಾನಗರಪಾಲಿಕೆಯಾಯಿತು. 2024ರ ಲೋಕಸಭಾ ಚುನಾವಣೆಯಲ್ಲಿ ಕೊಲ್ಹಾಪುರದಿಂದ ಕಾಂಗ್ರೆಸ್ಸಿನ ಶಾಹೂ ಛತ್ರಪತಿ, ಹಾತಕಣಂಗಲೆಯಿಂದ ಶಿವಸೇನೆಯ ಧೈರ್ಯಶೀಲ ಮಾನೆ ಗೆದ್ದರು. ಅದೇ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಇದ್ದ ಮೈತ್ರಿಕೂಟವಾದ ಮಹಾವಿಕಾಸ ಅಘಾಡಿಗೆ ಜಿಲ್ಲೆಯಲ್ಲಿ ಒಂದು ಸ್ಥಾನವೂ ಸಿಗಲಿಲ್ಲ.