ಪಟ್ಟಿಯಲ್ಲಿ ಹೆಸರಿದೆ, ಪಾಠ ಎಲ್ಲಿದೆ? ಬೆಳಗಾವಿ–ಖಾನಾಪುರದ ಶಾಸನಗಳಿಗೆ ಯಾವ ಗ್ರಂಥ, ಯಾವಾಗ

"ಸರ್, ನಮ್ಮೂರ ಗುಡಿ ಮುಂದ ಒಂದು ಕಲ್ಲೈತ್ರಿ. ಎಪಿಗ್ರಾಫಿಯಾ ಕರ್ನಾಟಿಕಾದಾಗ ಹುಡುಕಿದೆ, ಸಿಗಲಿಲ್ಲ. ಹಂಗಾರ ಇದು ಹೊಸಾ ಶಾಸನ ಅಲ್ಲೇನ್ರಿ?" ಖಾನಾಪುರ ಕಡೆಯಿಂದ ಇಂಥ ಸಂದೇಶ ಆಗಾಗ ಬರುತ್ತದೆ, ಜೊತೆಗೆ ಮೊಬೈಲಿನಲ್ಲಿ ತೆಗೆದ ಎರಡು ಫೋಟೋ. ಹುಡುಕಿದ ಉತ್ಸಾಹ ಸರಿ. ಆದರೆ ಹುಡುಕಿದ ಕಪಾಟು ಬೇರೆ.

ಬಿ.ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಸಂಪುಟದಿಂದ ಶುರು ಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಕೊಡಗು ಮತ್ತು ಹಳೇ ಮೈಸೂರು ಸಂಸ್ಥಾನಕ್ಕೆ ಸೇರಿದ್ದು. ಬೆಳಗಾವಿ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಕಲ್ಲಿಗೆ ಗಡಿ ಗೊತ್ತಿಲ್ಲ, ಗ್ರಂಥಾಲಯಕ್ಕೆ ಗೊತ್ತು! ಹಾಗಾಗಿ ನಮ್ಮ ಭಾಗದ ಶಾಸನಗಳು ಬೇರೆ ಕಡೆ ಚದುರಿವೆ: ಇಂಡಿಯನ್ ಆಂಟಿಕ್ವರಿ, ಮುಂಬಯಿಯ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆ, ಎಪಿಗ್ರಾಫಿಯಾ ಇಂಡಿಕಾ, ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ ಬಾಂಬೆ–ಕರ್ನಾಟಕ ಸಂಪುಟಗಳು, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಕರ್ನಾಟಕ ಇನ್‌ಸ್ಕ್ರಿಪ್ಷನ್ಸ್. ಬಾಂಬೆ–ಕರ್ನಾಟಕ ಸಂಪುಟಗಳು ರಾಜವಂಶದ ಕ್ರಮದಲ್ಲಿವೆ, ಜಿಲ್ಲೆಯ ಕ್ರಮದಲ್ಲಲ್ಲ. ಪುಟ ಮಗುಚುತ್ತ ಕೂತರೆ ದಿನ ಹೋಗುತ್ತದೆ, ಸ್ಥಳಸೂಚಿಯಿಂದ ಒಳಗೆ ಹೋಗಬೇಕು. ಊರಿನ ಹೆಸರನ್ನೂ ಹಳೆಯ ವರ್ತನೆಯಲ್ಲಿ ಹುಡುಕಬೇಕು. ಹಲಸಿ 'ಹಲ್ಸಿ' ಆಗಿರುತ್ತದೆ. ಕಮಲನಾರಾಯಣ ಗುಡಿಯ ದೇಗಾವೆ 'ಸಂಪಗಾಂವ ತಾಲೂಕಿನ ದೇಗಾಂವೆ' ಎಂದಿರುತ್ತದೆ. ಈಗ ಅದು ಕಿತ್ತೂರು ತಾಲೂಕು.

ಇದಕ್ಕಿಂತ ದೊಡ್ಡ ಗೊಂದಲ ಮುಂದಿನದು. "ಸಿಕ್ತು ಸರ್, ವಾರ್ಷಿಕ ವರದಿಯೊಳಗ ಐತಿ, ಅಂದ್ರ ಪ್ರಕಟ ಆಗೇತಿ" ಎನ್ನುತ್ತಾರೆ. ನಿಲ್ಲಿ. ವಾರ್ಷಿಕ ವರದಿ ಒಂದು ಪಟ್ಟಿ. ಸರ್ವೇಕ್ಷಣ ಇಲಾಖೆಯ ಶಾಸನ ಶಾಖೆ ಆ ವರ್ಷ ಎಲ್ಲೆಲ್ಲಿ ಪಡಿಯಚ್ಚು ತೆಗೆಯಿತು ಎಂಬುದರ ಲೆಕ್ಕ ಅದು. ಊರು, ಕಲ್ಲು ಇರುವ ಜಾಗ, ವಂಶ, ಅರಸ, ಕಾಲ, ಭಾಷೆ, ಆಮೇಲೆ ನಾಲ್ಕೈದು ಸಾಲಿನ ಸಾರಾಂಶ. 1925–26ರ ಹೊತ್ತಿನಿಂದ ಮುಂಬಯಿ–ಕರ್ನಾಟಕದ ಶಾಸನಗಳಿಗೆ ಪ್ರತ್ಯೇಕ ಅನುಬಂಧ ಬಂತು, ಅವಕ್ಕೆ 'ಬಿ.ಕೆ.' ಸಂಖ್ಯೆ. ಶಾಸನದ ಪಾಠ ಅಲ್ಲಿ ಇರುವುದಿಲ್ಲ. ಕೆಲವಕ್ಕೆ ಪಾಠ ಮುಂದೆ ಯಾವುದೋ ಸಂಪುಟದಲ್ಲಿ ಬಂತು, ಇನ್ನು ಕೆಲವು ಪಟ್ಟಿಯ ಸಾಲಾಗಿಯೇ ಉಳಿದಿವೆ.

ಇದು ಬರೀ ಪಂಡಿತರ ತಕರಾರಲ್ಲ. 'ಆಗಲೇ ದಾಖಲಾಗಿದೆ' ಎಂದು ಕಲ್ಲನ್ನು ಬಿಟ್ಟು ಬರುತ್ತೇವೆ. ಜೀರ್ಣೋದ್ಧಾರ ಶುರುವಾಗುತ್ತದೆ. ಕಲ್ಲಿಗೆ ಎಣ್ಣೆಬಣ್ಣ ಬೀಳುತ್ತದೆ, ಇಲ್ಲವೇ ಅದು ಹೊಸ ಕಟ್ಟೆಯ ತಳಕ್ಕೆ ಹೋಗುತ್ತದೆ. ಆಗ ನಮ್ಮ ಕೈಯಲ್ಲಿ ಉಳಿಯುವುದು ಆ ನಾಲ್ಕು ಸಾಲಿನ ಸಾರಾಂಶ ಮಾತ್ರ. ಯಾವ ರೈತನ ಹೊಲ, ಯಾವ ಕೆರೆ, ಗಡಿಗೆ ಯಾವ ಮರ ಎಂಬುದೆಲ್ಲ ಪಾಠದಲ್ಲಿರುತ್ತದೆ, ಸಾರಾಂಶದಲ್ಲಿ ಇರುವುದಿಲ್ಲ. ಒಂದು ಸಮಾಧಾನ ಉಂಟು: ಪಟ್ಟಿಯಲ್ಲಿದೆ ಎಂದರೆ ಒಮ್ಮೆ ಪಡಿಯಚ್ಚು ತೆಗೆದಿದ್ದರು ಎಂದರ್ಥ. ಮೈಸೂರಿನ ಶಾಸನ ಶಾಖೆಯನ್ನು ವಿಚಾರಿಸಲು ಆ ಬಿ.ಕೆ. ಸಂಖ್ಯೆಯೇ ಕೀಲಿಕೈ. ಹಾಗಾಗಿ ಪಟ್ಟಿಯನ್ನು ಕಡೆಗಣಿಸಿ ಅಂತ ಹೇಳುತ್ತಿಲ್ಲ. ಮೊದಲು ನೋಡಬೇಕಾದದ್ದು ಅದೇ, ಅಲ್ಲಿಗೇ ನಿಲ್ಲಬಾರದು ಅಷ್ಟೆ.

ಪಾಠ ಅಚ್ಚಾಗಿದ್ದರೆ ಏನು ಲಾಭ ಎನ್ನುವುದಕ್ಕೆ ಬೆಳಗಾವಿ ಕೋಟೆಯ ಕಮಲ ಬಸದಿಗಿಂತ ಒಳ್ಳೆಯ ಉದಾಹರಣೆ ಬೇಡ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ ರಟ್ಟಜಿನಾಲಯ ಇದೇ ಎಂದು ಗುರುತಿಸುತ್ತಾರೆ. ಬಸದಿ ಇಲ್ಲಿದೆ, ಅದರ ದಾನವನ್ನು ಹೇಳುವ ಎರಡು ಶಾಸನಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ. ಎಲ್.ಡಿ. ಬಾರ್ನೆಟ್ ಅವರು ಎಪಿಗ್ರಾಫಿಯಾ ಇಂಡಿಕಾದ 13ನೆಯ ಸಂಪುಟದಲ್ಲಿ ಪಾಠ ಮತ್ತು ಅನುವಾದ ಅಚ್ಚು ಹಾಕಿಸಿದ್ದರಿಂದ ನಾವು ಇಲ್ಲೇ ಕೂತು ವೇಣುಗ್ರಾಮದ ಕಥೆ ಓದಬಹುದು.

ಆ ಶಾಸನದ ತೇದಿ ನೋಡಿ: ಶಕ 1127, ರಕ್ತಾಕ್ಷಿ ಸಂವತ್ಸರ, ಪುಷ್ಯ ಶುದ್ಧ ಬಿದಿಗೆ, ಶನಿವಾರ, ಉತ್ತರಾಯಣ ಸಂಕ್ರಮಣ. ನಮಗೆಲ್ಲ ಗೊತ್ತಿರುವ ಸೂತ್ರದಂತೆ 78 ಕೂಡಿಸಿದರೆ 1205. ಆದರೆ ರಕ್ತಾಕ್ಷಿ 1204ರ ಯುಗಾದಿಗೇ ಶುರುವಾಗಿ ಮರುವರ್ಷದ ಯುಗಾದಿಗೆ ಮುಗಿದಿತ್ತು. ಇಲ್ಲಿ ಬೇಕಾದದ್ದು ಕಾಲಗಣನೆಯ ಕೋಷ್ಟಕ, ಅಂದರೆ ಎಲ್.ಡಿ. ಸ್ವಾಮಿಕಣ್ಣು ಪಿಳ್ಳೈ ಅವರ ಇಂಡಿಯನ್ ಎಫೆಮೆರಿಸ್. ತಿಥಿ, ವಾರ, ಸಂಕ್ರಮಣ ಮೂರೂ 1204ರ ಡಿಸೆಂಬರ್ 25ಕ್ಕೆ ಸರಿಯಾಗಿ ಕೂಡುತ್ತವೆ. 1205ರ ಪುಷ್ಯದಲ್ಲಿ ಹುಡುಕಿದರೆ ಕೂಡುವುದಿಲ್ಲ. ಬರೆದವನು ಕಳೆದ ವರ್ಷಗಳನ್ನು ಎಣಿಸಿಲ್ಲ, ನಡೆಯುತ್ತಿರುವ ವರ್ಷವನ್ನು ಎಣಿಸಿದ್ದಾನೆ. ಮೂರು ಅಂಶ ಕೊಟ್ಟವನನ್ನು ಬರೀ ಕೂಡಿಸುವ ಲೆಕ್ಕಕ್ಕೆ ಇಳಿಸಬಾರದು.

ಇದೇ ಕೋಷ್ಟಕ ಹಿಡಿದು ಹಲಸಿಗೆ ಹೋದರೆ ಕೈ ಖಾಲಿ. ನಂದಗಡದ ದಾರಿಯಲ್ಲಿ ಚಕ್ರತೀರ್ಥ ಎಂಬ ಸಣ್ಣ ಬಾವಿಯ ಹತ್ತಿರದ ಮಣ್ಣುದಿಬ್ಬದಲ್ಲಿ ಸಿಕ್ಕ ಕದಂಬರ ಏಳು ತಾಮ್ರಪಟಗಳನ್ನು ಜೆ.ಎಫ್. ಫ್ಲೀಟ್ 1877ರ ಇಂಡಿಯನ್ ಆಂಟಿಕ್ವರಿಯಲ್ಲಿ ಸಂಪಾದಿಸಿದರು. ಅವುಗಳಲ್ಲಿ ಹಳೆಯದು ಕಾಕುಸ್ಥವರ್ಮ ಯುವರಾಜನಾಗಿದ್ದಾಗ ಸೇನಾಪತಿ ಶ್ರುತಕೀರ್ತಿಗೆ ಕೊಟ್ಟ ದಾನ. ತೇದಿ: ವಿಜಯದ ಎಂಬತ್ತನೆಯ ವರ್ಷ. ಯುವರಾಜನಿಗೆ ತನ್ನದೇ ಆಳ್ವಿಕೆಯ 80ನೆಯ ವರ್ಷ ಇರಲಾರದು. ಹಾಗಾದರೆ ಎಲ್ಲಿಂದ ಎಣಿಕೆ? ಕದಂಬ ರಾಜ್ಯದ ಸ್ಥಾಪನೆಯಿಂದಲೇ, ಗುಪ್ತ ಶಕೆಯಿಂದಲೇ? ಸಂವತ್ಸರದ ಹೆಸರಿಲ್ಲ, ವಾರವಿಲ್ಲ, ಪಂಚಾಂಗ ಕೋಷ್ಟಕ ಏನು ಮಾಡೀತು? ಇಲ್ಲಿ ಬೇಕಾದದ್ದು ಒಂದು ವಂಶದ ಶಾಸನಗಳನ್ನೆಲ್ಲ ಒಟ್ಟಿಗೆ ಇಟ್ಟು ಚರ್ಚಿಸಿದ ಸಂಗ್ರಹ. ಬಿ.ಆರ್. ಗೋಪಾಲರ ಕಾರ್ಪಸ್ ಆಫ್ ಕದಂಬ ಇನ್‌ಸ್ಕ್ರಿಪ್ಷನ್ಸ್ (1985), ಆಮೇಲೆ ಜಿ.ಎಸ್. ಗಾಯಿ ಅವರ ಆದಿಕದಂಬ ಶಾಸನಗಳ ಸಂಪುಟ. ಫ್ಲೀಟರ ಓದನ್ನೇ ಕೊನೆಯ ಮಾತು ಎಂದು ಈಗಲೂ ನಕಲಿಸುವವರಿದ್ದಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಅವರೇ 1882ರ ತಮ್ಮ ರಾಜವಂಶಗಳ ಪುಸ್ತಕವನ್ನು 1896ರ ಮುಂಬಯಿ ಗೆಜೆಟಿಯರಿಗೆ ಪೂರ್ತಿ ತಿದ್ದಿ ಬರೆದರು.

ಅದೇ ಹಲಸಿಯ ನರಸಿಂಹ ಗುಡಿಯ ಶಾಸನ 4270 ಎಂಬ ವರ್ಷ ಕೊಡುತ್ತದೆ. ಗಾಬರಿ ಬೇಡ, ಗೋವೆಯ ಕದಂಬರು ಕಲಿವರ್ಷ ಬಳಸುತ್ತಿದ್ದರು. 3101 ಕಳೆದರೆ 1169. ಶಕೆಗಳ ಇಂಥ ವಿಚಾರಕ್ಕೆ ಡಿ.ಸಿ. ಸರ್ಕಾರರ ಇಂಡಿಯನ್ ಎಪಿಗ್ರಫಿ ಸಾಕು.

ನಿಘಂಟಿನ ಮಾತು ಚಿಕ್ಕದು, ಆದರೆ ಎಡವುವುದು ಅಲ್ಲೇ. ದಾನದ ಸಾಲಿನಲ್ಲಿ 'ಮತ್ತರು' ಆದಮೇಲೆ 'ಕಂಬ' ಬಂದರೆ ಅದು ಗುಡಿಯ ಕಂಬವಲ್ಲ, ಭೂಮಿಯ ಅಳತೆ. ಪದದ ಅರ್ಥಕ್ಕೆ ಕಿಟ್ಟೆಲ್ ಅಥವಾ ಸಾಹಿತ್ಯ ಪರಿಷತ್ತಿನ ನಿಘಂಟು, ಅಳತೆ–ತೆರಿಗೆ–ಅಧಿಕಾರಿಗಳ ಹೆಸರಿಗೆ ಸರ್ಕಾರರ ಎಪಿಗ್ರಾಫಿಕಲ್ ಗ್ಲಾಸರಿ. ಎರಡನ್ನೂ ಪಕ್ಕದಲ್ಲಿಟ್ಟುಕೊಳ್ಳಿ.

ಗೆಜೆಟಿಯರ್ ಮತ್ತು ವಿಶ್ವಕೋಶ? ಊರಿನ ಪರಿಚಯಕ್ಕೆ ಚೆನ್ನ, ತೇದಿಗೆ ಬೇಡ. 1884ರ ಬೆಳಗಾಂವಿ ಗೆಜೆಟಿಯರ್ ಈ ಸಂಪುಟಗಳಲ್ಲಿ ಬಹುಪಾಲು ಅಚ್ಚಾಗುವ ಮೊದಲೇ ಬಂದದ್ದು. ಆದರೆ ಒಂದು ಕಲ್ಲು ಆಗ ಗುಡಿಯ ಯಾವ ಬದಿಗಿತ್ತು ಎಂಬುದಕ್ಕೆ ಅದು, 1874ರ ಬರ್ಜೆಸ್ ವರದಿ ಎರಡೂ ಚಲೋ ಸಾಕ್ಷಿ.

ಇನ್ನು ಆ ಖಾನಾಪುರದ ಕಲ್ಲು. ವಾರ್ಷಿಕ ವರದಿಗಳ ಸ್ಥಳಸೂಚಿಯಲ್ಲಿ ಊರನ್ನು ಹುಡುಕಿ. ಸಿಕ್ಕರೆ ಬಿ.ಕೆ. ಸಂಖ್ಯೆ ಬರೆದುಕೊಂಡು ಬಾಂಬೆ–ಕರ್ನಾಟಕ ಸಂಪುಟಗಳಲ್ಲಿ ಪಾಠ ಇದೆಯೇ ನೋಡಿ. ಇಲ್ಲದಿದ್ದರೆ ಮಳೆ ಹಿಡಿಯುವ ಮೊದಲು, ಬೆಳಗಿನ ಓರೆ ಬಿಸಿಲಿನಲ್ಲಿ, ಸಾಲು ಸಾಲಾಗಿ ಫೋಟೋ ತೆಗೆದು ಕಳಿಸಿ. ಸುಣ್ಣ, ಚಾಕ್‌ಪೀಸು ಹಚ್ಚಬ್ಯಾಡ್ರಿ.