ಜೋಳದ ಹೊಲದಲ್ಲಿ ಸಿಕ್ಕ ಸಾಕ್ಷಿ

ಸಾಫ್ಟ್‌ವೇರ್ ಕೈಕೊಟ್ಟರೆ ನಾವು ಲಾಗ್ ಫೈಲ್ ತೆಗೆದು ನೋಡ್ತೀವಿ. ಒಡೆದು ಚೂರಾದ ಇಂಜಿನ್ನಿಗೆ ಲಾಗ್ ಎಲ್ಲಿಂದ ತರೋದು? ಇರುತ್ತೆ ಸ್ವಾಮೀ, ಲೋಹದೊಳಗೇ ಬರೆದಿರುತ್ತೆ.

1989ರ ಜುಲೈ 19. ಡೆನ್ವರ್‌ನಿಂದ ಶಿಕಾಗೋಗೆ ಹೊರಟಿದ್ದ ಯುನೈಟೆಡ್ ಏರ್‌ಲೈನ್ಸ್ 232, ಡಿಸಿ-10 ವಿಮಾನ, ಒಳಗೆ 296 ಜನ. ಅಮೆರಿಕದ ಅಯೋವಾ ರಾಜ್ಯದ ಮೇಲೆ ಹಾರುತ್ತಿದ್ದಾಗ ಬಾಲದಲ್ಲಿದ್ದ ಇಂಜಿನ್ ಸಿಡಿಯಿತು. ಚೂರುಗಳು ನುಗ್ಗಿ ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ಸತ್ತವು. ಕ್ಯಾಪ್ಟನ್ ಆಲ್ ಹೇನ್ಸ್ ಮತ್ತು ಜೊತೆಗಾರರು ಉಳಿದೆರಡು ಇಂಜಿನ್‌ಗಳ ವೇಗ ಹೆಚ್ಚುಕಮ್ಮಿ ಮಾಡುತ್ತಲೇ ವಿಮಾನವನ್ನು ಸೂ ಸಿಟಿಯ ನಿಲ್ದಾಣದವರೆಗೆ ತಂದರು. 112 ಜನ ಸತ್ತರು, 184 ಜನ ಬದುಕಿದರು. ಈ ಸಾಹಸದ ಕಥೆ ಬಹಳ ಜನ ಹೇಳಿದ್ದಾರೆ. ನನಗೆ ಅದಕ್ಕಿಂತ ಕುತೂಹಲ, ಆಮೇಲೆ ನಡೆದ ಪತ್ತೇದಾರಿಕೆ.

ಇಂಜಿನ್ನಿನ ಮುಂದಿನ ದೊಡ್ಡ ಫ್ಯಾನಿನ ರೆಕ್ಕೆಗಳನ್ನು ಹಿಡಿದಿಡುವ ಟೈಟಾನಿಯಂ ಡಿಸ್ಕೇ ನಾಪತ್ತೆ! ಸುಮಾರು 168 ಕಿಲೋ ತೂಕದ್ದು. ಇಂಜಿನ್ ತಯಾರಿಸಿದ್ದ ಜಿಇ ಕಂಪನಿ ಬಹುಮಾನ ಘೋಷಿಸಿತು. ಕೊನೆಗೆ ಅಕ್ಟೋಬರ್‌ನಲ್ಲಿ, ಮುಸುಕಿನ ಜೋಳದ ಕೊಯ್ಲಿನ ಹೊತ್ತಿಗೆ, ರೈತ ಮಹಿಳೆಯೊಬ್ಬರ ಹೊಲದಲ್ಲಿ ಸಿಕ್ಕಿತು.

ಡಿಸ್ಕಿನ ನಡುವಿನ ತೂತಿನ ಒಳಮೈಯಲ್ಲಿ ಸಾಸಿವೆ ಕಾಳಿನಷ್ಟೂ ಇಲ್ಲದ ಒಂದು ಗುಳಿ. ಲೋಹ ಕರಗಿಸುವಾಗ ಸೇರಿದ ನೈಟ್ರೋಜನ್‌ನಿಂದ ಅಲ್ಲೊಂದು ಕಣ ಪೆಡಸಾಗಿ, ಬಹುಶಃ ಕಡೆಯುವಾಗಲೇ ಉದುರಿಹೋಗಿತ್ತು. ಅಲ್ಲಿಂದ ಬಿರುಕು ಶುರು. ಪ್ರತಿ ಹಾರಾಟಕ್ಕೂ ಒಂಚೂರು ಮುಂದೆ, ಪ್ರತಿ ಸಲವೂ ಒಂದು ಸೂಕ್ಷ್ಮ ಗೆರೆ. ಆ ಡಿಸ್ಕ್ 15,503 ಹಾರಾಟ ಮುಗಿಸಿತ್ತು. ತಜ್ಞರು ಲೆಕ್ಕ ಹಾಕಿದ ಗೆರೆಗಳ ಸಂಖ್ಯೆಯೂ ಹೆಚ್ಚುಕಮ್ಮಿ ಅಷ್ಟೇ! ಅಂದರೆ ಹುಟ್ಟಿದಾಗಿನಿಂದ ಅದು ಬಿರಿಯುತ್ತಲೇ ಇತ್ತು.

ಹಾಗಾದರೆ ತಪಾಸಣೆ ಮಾಡಿರಲಿಲ್ವಾ? ಆರು ಸಲ ಮಾಡಿದ್ದರು. ಬಿರುಕಿಗೆ ಇಳಿಯುವ ದ್ರವ ಹಚ್ಚಿ ಅತಿನೇರಳೆ ಬೆಳಕಿನಲ್ಲಿ ನೋಡಿದರೆ ಬಿರುಕು ಹೊಳೆಯಬೇಕು. ಕೊನೆಯ ತಪಾಸಣೆ ನಡೆದದ್ದು ಅಪಘಾತಕ್ಕೆ 760 ಹಾರಾಟ ಮುಂಚೆ. ಆಗಲೇ ಬಿರುಕು ಸುಮಾರು ಅರ್ಧ ಇಂಚು ಇತ್ತು. ಮುರಿದ ಮೈಯಲ್ಲಿ ಒಂದಿಷ್ಟು ಜಾಗದ ಬಣ್ಣ ಬೇರೆ ಇತ್ತು. ರಾಸಾಯನಿಕ ಪರೀಕ್ಷೆಯಲ್ಲಿ ಅಲ್ಲಿ ಸಿಕ್ಕಿದ್ದು ಅದೇ ತಪಾಸಣಾ ದ್ರವದ ಕುರುಹು. ದ್ರವ ಬಿರುಕಿನೊಳಗೆ ಇಳಿದಿತ್ತು, ನೋಡುವ ಕಣ್ಣಿಗೆ ಮಾತ್ರ ಬೀಳಲಿಲ್ಲ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನು ಕಾಗದದ ಕಥೆ. ಕಡತಗಳ ಪ್ರಕಾರ ಒಂದೇ ಸೀರಿಯಲ್ ನಂಬರಿನ ಎರಡು ಡಿಸ್ಕ್‌ಗಳಿದ್ದವು! ಒಂದು ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ನಪಾಸಾದದ್ದು, ಇನ್ನೊಂದು ಪಾಸಾಗಿ ವಿಮಾನ ಹತ್ತಿದ್ದು. ಡೇಟಾಬೇಸ್ ಕೆಲಸ ಮಾಡೋರಿಗೆ ಬೆವರು ಬರುವ ಸಾಲು ಇದು. ಬರೀ ಗುಮಾಸ್ತರ ತಪ್ಪು ಅಂತ ತಳ್ಳಿಹಾಕೋ ಹಾಗೂ ಇಲ್ಲ. ಅದೇ ಗಟ್ಟಿಯಿಂದ ಮಾಡಿದ ಬೇರೆ ಡಿಸ್ಕ್‌ಗಳು ಯಾವ ವಿಮಾನದಲ್ಲಿ ಹಾರುತ್ತಿವೆ ಅಂತ ಹುಡುಕಬೇಕಾದಾಗ ಇರುವ ದಾರಿ ಆ ಕಡತ ಒಂದೇ ತಾನೇ?

1990ರ ನವೆಂಬರ್‌ನಲ್ಲಿ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ವರದಿ ಕೊಟ್ಟಿತು. ತಪಾಸಣೆಯಲ್ಲಿ ಮನುಷ್ಯನ ಇತಿಮಿತಿಗಳನ್ನು ಸಾಕಷ್ಟು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ ಎಂಬುದೇ ಸಂಭವನೀಯ ಕಾರಣ ಎಂದಿತು. ಈ ಡಿಸ್ಕಿನ ಟೈಟಾನಿಯಂ ಎರಡು ಸಲ ಕರಗಿಸಿದ್ದು, 1971ರದ್ದು. 1972ರ ಜನವರಿಯಿಂದ ಜಿಇ ಮೂರು ಸಲ ಕರಗಿಸಿದ ಲೋಹವನ್ನೇ ಬಳಸಬೇಕೆಂದು ನಿಯಮ ಮಾಡಿತ್ತು.