ರನ್ನಿಂಗ್ ಟೈಮು

ಇಪ್ಪತ್ತಾರು ವರ್ಷ ಡಿಪೋದ ಟ್ರಾಫಿಕ್ ಶಾಖೆಯಲ್ಲಿ ಕೂತು ನಾನು ಮಾಡಿದ್ದು ಒಂದೇ ಕೆಲಸ. ಯಾವ ಬಸ್ಸು ಎಲ್ಲಿಂದ ಹೊರಟು ಎಲ್ಲಿಗೆ ಎಷ್ಟು ಹೊತ್ತಿಗೆ ಮುಟ್ಟಬೇಕು ಅಂತ ಬರೆಯುವುದು. ನಮ್ಮ ಮಾತಿನಲ್ಲಿ ಅದು ರನ್ನಿಂಗ್ ಟೈಮು. ಐದು ನಿಮಿಷ ಕಡಿಮೆ ಬರೆದರೆ ಡ್ರೈವರು ಬಯ್ಯುತ್ತಾನೆ, ಐದು ನಿಮಿಷ ಹೆಚ್ಚು ಬರೆದರೆ ಮೇಲಿನವರು ಬಯ್ಯುತ್ತಾರೆ. ಹಾಗಾಗಿ ಒಮಾಹಾದಲ್ಲಿರುವ ಅಳಿಯ ಬಾಡಿಗೆಗೆ ಒಂದು ಆರ್‌ವಿ ತಂದು ಮನೆ ಮುಂದೆ ನಿಲ್ಲಿಸಿ, "ಮಾವ, ಇವತ್ತು ಸ್ಕಾಟ್ಸ್‌ಬ್ಲಫ್‌ವರೆಗೆ. 450 ಮೈಲಿ. ಏಳು ಗಂಟೆ ತೋರಿಸ್ತಿದೆ ಫೋನು" ಅಂದಾಗ ನನ್ನ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಯಿತು.

ಆರ್‌ವಿ ಅಂದರೆ ಒಲೆ, ಹಾಸಿಗೆ, ಕಕ್ಕಸು ಎಲ್ಲ ಒಳಗೇ ಇರುವ ಮಿನಿ ಬಸ್ಸು. ಫೋನು ಅದಕ್ಕೆ ಕಾರಿನ ರನ್ನಿಂಗ್ ಟೈಮು ಕೊಟ್ಟಿತ್ತು. "ಇದಕ್ಕೆ ಹತ್ತು ಗಂಟೆ ಹಾಕಪ್ಪ" ಅಂದೆ. ಮಗಳು ನಕ್ಕಳು. ಹೊರಟದ್ದೇ ಹನ್ನೊಂದಕ್ಕೆ. ಪೆಟ್ರೋಲಿಗೆ ಎರಡು ಸಲ, ಚಿತ್ರಾನ್ನಕ್ಕೆ ಒಂದು ಸಲ, ಮೊಮ್ಮಗನಿಗಾಗಿ ಲೆಕ್ಕವಿಲ್ಲದಷ್ಟು ಸಲ ನಿಂತೆವು. ನೆಬ್ರಾಸ್ಕಾದ ಬಯಲುಗಾಳಿ ಗಾಡಿಯ ಪಕ್ಕೆಗೆ ಹೊಡೆಯುತ್ತಿತ್ತು. ದಾರಿಯಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಸರಿಯುವ ಗೆರೆ ಬೇರೆ ಇದೆ. ಆ ಗಂಟೆ ಧರ್ಮಕ್ಕೆ ಸಿಕ್ಕರೂ ಮುಟ್ಟಿದಾಗ ರಾತ್ರಿ ಒಂಬತ್ತು.

ಕತ್ತಲಲ್ಲಿ ಗಾಡಿಯನ್ನು ರಿವರ್ಸ್ ಹಾಕಿ ತಂಗುದಾಣದಲ್ಲಿ ಅದಕ್ಕೆ ಕೊಟ್ಟ ಜಾಗಕ್ಕೆ ಸೇರಿಸಬೇಕು. ನಾನು ಹಿಂದೆ ಟಾರ್ಚ್ ಹಿಡಿದು "ಬರ್ಲಿ, ಬರ್ಲಿ... ಹೋಲ್ಡಾನ್!" ಅಂದೆ. ಹೋಲ್ಡಾನ್ ಅನ್ನುವ ಹೊತ್ತಿಗೆ ಬಲಗಡೆಯ ಕೆಂಪು ದೀಪ ಮರದ ಮೇಜಿಗೆ ತಗಲಿ ಪುಡಿಯಾಗಿತ್ತು. ತಪ್ಪು ನನ್ನದೇ, ನಾನು ನೋಡುತ್ತಿದ್ದದ್ದು ಎಡಗಡೆ. ಆಮೇಲೆ ಚಕ್ರದಡಿ ಹಲಗೆ ಇಟ್ಟು ಗಾಡಿಯನ್ನು ಮಟ್ಟ ಮಾಡಬೇಕು. ಗ್ಯಾಸಿನ ಮೇಲೆ ನಡೆಯುವ ಅದರ ಫ್ರಿಜ್ಜು ಗಾಡಿ ಓರೆಯಾಗಿ ನಿಂತರೆ ಸರಿಯಾಗಿ ತಣಿಯುವುದಿಲ್ಲ. ನೀರಿನ ಪೈಪು, ಕರೆಂಟು, ಕೊಳೆನೀರಿನ ಕೊಳವೆ ಒಂದೊಂದನ್ನೇ ಜೋಡಿಸಬೇಕು. ಹಾಲು ಒಡೆದಿತ್ತು. ಕಾಫಿಯಿಲ್ಲದೆ ಮಲಗಿದೆವು.

ಬೆಳಿಗ್ಗೆ ಪಕ್ಕದ ಗಾಡಿಯ ಮುದುಕ ನಮ್ಮ ಮುರಿದ ದೀಪ ನೋಡಿ, ಕೇಳದಿದ್ದರೂ ಮೂರು ಅಂಕಿ ಹೇಳಿಕೊಟ್ಟ. 300, 3, 3. ದಿನಕ್ಕೆ ಮುನ್ನೂರು ಮೈಲಿ ಮೀರಬೇಡಿ, ಮಧ್ಯಾಹ್ನ ಮೂರಕ್ಕೆ ತಂಗುವ ಜಾಗ ಮುಟ್ಟಿ, ಒಂದು ಕಡೆ ಮೂರು ದಿನ ಇರಿ. ವಯಸ್ಸಾದವರು 200, 2, 2 ಅಂತಲೂ ಇಟ್ಟುಕೊಳ್ಳುತ್ತಾರಂತೆ.

ಈ ಲೆಕ್ಕ ಆ ದಾರಿಗೆ ಹೊಸದಲ್ಲ. ನಾವು ಹಿಂದಿನ ದಿನ ಬಂದದ್ದು ಪ್ಲಾಟ್ ನದಿಯ ಬಯಲಿನಲ್ಲಿ. 1840ರ ದಶಕದಿಂದ ಆರೆಗಾನಿಗೂ ಕ್ಯಾಲಿಫೋರ್ನಿಯಕ್ಕೂ ಹೊರಟ ಸಂಸಾರಗಳ ಗಾಡಿಗಳು ಹೋದದ್ದು ಅದೇ ನದಿ ಹಿಡಿದು. ಹೆಚ್ಚಿನವು ಎತ್ತಿನ ಗಾಡಿಗಳು. ಗಂಟೆಗೆ ಎರಡು ಮೈಲಿ, ದಿನಕ್ಕೆ ಸುಮಾರು ಹದಿನೈದು ಮೈಲಿ. ಆರೆಗಾನಿನ ಇಡೀ ದಾರಿ ಎರಡು ಸಾವಿರ ಮೈಲಿ, ನಾಲ್ಕರಿಂದ ಆರು ತಿಂಗಳು. ನಾವು ಒಂದು ದಿನದಲ್ಲಿ ಓಡಿ ದೀಪ ಮುರಿದುಕೊಂಡ ದೂರಕ್ಕೆ ಅವರಿಗೆ ಒಂದು ತಿಂಗಳು ಬೇಕಿತ್ತು. ನಡುಮಧ್ಯಾಹ್ನ ನೊಗ ಕಳಚಿ ಎತ್ತುಗಳನ್ನು ಮೇಯಲು ಬಿಡುತ್ತಿದ್ದರು. ಹುಲ್ಲು ಎಲ್ಲಿದೆಯೋ, ನೀರು ಎಲ್ಲಿದೆಯೋ ಅಲ್ಲಿಗೆ ಆ ದಿನದ ಪ್ರಯಾಣ ಮುಗಿಯಿತು.

ಆ ಗಾಡಿಗಳವರ ಕಥೆ ಓದುತ್ತಾ ನನಗೆ ತಿಪಟೂರು ಕಡೆಯ ನಮ್ಮಜ್ಜ ನೆನಪಾದ. ಕೊಬ್ಬರಿ ಗಾಡಿ ಹೊಡೆಯುತ್ತಿದ್ದವನು ಅವನು. ಅವನ ಬಾಯಲ್ಲಿ ಮೈಲಿ ಇರಲಿಲ್ಲ, ಹರದಾರಿ ಇತ್ತು, ಅಂದರೆ ಸುಮಾರು ಮೂರು ಮೈಲಿ. "ದಿನಕ್ಕೆ ಐದು ಹರದಾರಿ, ಅದರ ಮೇಲೆ ಹೊಡೆದರೆ ಎತ್ತಿನ ಪಾಪ ತಟ್ಟುತ್ತೆ" ಅನ್ನುತ್ತಿದ್ದ. ಐದು ಮೂರಲ ಹದಿನೈದು! ಪ್ಲಾಟ್ ನದಿಯ ಎತ್ತಿಗೂ ನಮ್ಮ ಹಳ್ಳೀಕಾರ್ ಎತ್ತಿಗೂ ಒಂದೇ ರನ್ನಿಂಗ್ ಟೈಮು. ಅಜ್ಜ ಮಾತ್ರ ಬಿಸಿಲು ತಪ್ಪಿಸಿಕೊಂಡು ರಾತ್ರಿ ಹೂಡುತ್ತಿದ್ದ, ಗಾಡಿಯಡಿಗೆ ಲಾಟೀನು ಕಟ್ಟಿಕೊಂಡು.

ಆ ಅಮೆರಿಕದವರಿಗೆ ಒಂದು ಚೆಕ್ಕಿಂಗ್ ಪಾಯಿಂಟೂ ಇತ್ತು. ವಯೋಮಿಂಗಿನ ಇಂಡಿಪೆಂಡೆನ್ಸ್ ರಾಕ್ ಅನ್ನುವ ಬೋಳು ಬಂಡೆಯನ್ನು ಜುಲೈ 4ರ ಹೊತ್ತಿಗೆ ಮುಟ್ಟಬೇಕು. ತಡವಾದರೆ ಮುಂದಿನ ಬೆಟ್ಟಗಳಲ್ಲಿ ಹಿಮ ಬೀಳುತ್ತದೆ. 1846ರಲ್ಲಿ ಡೋನರ್ ತಂಡದವರು ಹತ್ತಿರವಾಗುತ್ತದೆಂದು ಯಾರೋ ಹೊಗಳಿದ ಒಳದಾರಿ ಹಿಡಿದರು. ವಾರಗಟ್ಟಲೆ ತಡವಾಗಿ ಸಿಯೆರಾ ನೆವಾಡದ ಹಿಮದಲ್ಲಿ ಸಿಕ್ಕಿಬಿದ್ದರು. ಹೆಚ್ಚುಕಡಿಮೆ ಅರ್ಧ ಜನ ಸತ್ತರು, ಉಳಿದವರಲ್ಲಿ ಕೆಲವರು ಸತ್ತವರನ್ನು ತಿಂದು ಬದುಕಿದರು. ಒಳದಾರಿ ಹಿಡಿದ ಡ್ರೈವರುಗಳಿಗೆ ನಾನು ಎಷ್ಟೋ ಮೆಮೊ ಕೊಟ್ಟಿದ್ದೇನೆ. ಈ ಕಥೆ ಆಗ ಗೊತ್ತಿರಲಿಲ್ಲ.

ಮೋಟಾರು ಬಂದ ಮೇಲೆ ಎಲ್ಲ ಸಲೀಸಾಯಿತು ಅಂದುಕೊಂಡರೆ ಅದೂ ಇಲ್ಲ. 1903ರಲ್ಲಿ ಹೊರೇಷಿಯೋ ಜಾಕ್ಸನ್ ಎಂಬ ಡಾಕ್ಟರು ಐವತ್ತು ಡಾಲರ್ ಪಣಕಟ್ಟಿ ಕಾರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ನ್ಯೂಯಾರ್ಕಿಗೆ ಹೋದ. ಒಬ್ಬ ಮೆಕ್ಯಾನಿಕ್, ಕಣ್ಣಿಗೆ ಕನ್ನಡಕ ಹಾಕಿಸಿದ ಒಂದು ನಾಯಿ ಜೊತೆಗೆ. 63 ದಿನ ಹಿಡಿಯಿತು. ಹದಿನಾರು ವರ್ಷದ ನಂತರ, 1919ರಲ್ಲಿ, ಅಮೆರಿಕದ ಸೈನ್ಯವೇ ಟ್ರಕ್ಕುಗಳ ಸಾಲು ಕಟ್ಟಿಕೊಂಡು ವಾಷಿಂಗ್ಟನ್ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿತು. 3,251 ಮೈಲಿಗೆ 62 ದಿನ! ಕೆಸರಿನಲ್ಲಿ ಹೂತು, ಮರದ ಸೇತುವೆಗಳನ್ನು ಮುರಿದು, ಗಂಟೆಗೆ ಆರು ಮೈಲಿಯ ಆಸುಪಾಸಿನಲ್ಲಿ ತೆವಳಿತು. ಆ ಸಾಲಿನಲ್ಲಿ ಐಸೆನ್‌ಹೋವರ್ ಎಂಬ ಯುವ ಅಧಿಕಾರಿ ಇದ್ದ. ಮುಂದೆ ಅಧ್ಯಕ್ಷನಾಗಿ 1956ರಲ್ಲಿ 41,000 ಮೈಲಿಯ ಹೆದ್ದಾರಿಜಾಲದ ಕಾಯಿದೆಗೆ ಸಹಿ ಹಾಕಿದವನು ಅವನೇ.

ಸೈನ್ಯ ಕೆಸರು ತುಳಿದ ಅದೇ 1919ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಕಾರಿಗೇ ಡೇರೆ ಕಟ್ಟಿಕೊಂಡು ಅಲೆಯುವವರು ಒಂದು ಸಂಘ ಕಟ್ಟಿದರು. ಹೆಸರು ಟಿನ್ ಕ್ಯಾನ್ ಟೂರಿಸ್ಟ್ಸ್. ರೇಡಿಯೇಟರ್ ಮುಚ್ಚಳಕ್ಕೆ ಬೆಸೆದ ತಗಡಿನ ಡಬ್ಬಿಯೇ ಸದಸ್ಯರ ಗುರುತು. ಆಮೇಲೆ ಬಂದವನು ಏರ್‌ಸ್ಟ್ರೀಮ್ ಗಾಡಿಯ ವಾಲಿ ಬಯಾಮ್. 1959ರಲ್ಲಿ 41 ಬೆಳ್ಳಿಬಣ್ಣದ ಗಾಡಿಮನೆಗಳನ್ನು ಕಾರು ಟ್ರಕ್ಕುಗಳ ಹಿಂದೆ ಕಟ್ಟಿಸಿ ಆಫ್ರಿಕದ ಕೇಪ್ ಟೌನಿನಿಂದ ಕೈರೋಗೆ ಹೊರಟ. ಇವನ ಗಾಡಿಗಳು ತಂಗುವಾಗ ವೃತ್ತಾಕಾರದಲ್ಲಿ ನಿಲ್ಲುತ್ತಿದ್ದವು, ಹಳೆಯ ಎತ್ತಿನ ಗಾಡಿಗಳವರ ಹಾಗೆಯೇ.

ಹೆದ್ದಾರಿ ಬಂತು, 1962ರಲ್ಲಿ ಮೊಂಟಾನದ ಬಿಲ್ಲಿಂಗ್ಸಿನಲ್ಲಿ ಕೆಓಎ ತಂಗುದಾಣ ಶುರುವಾಯಿತು, 1966ರಲ್ಲಿ ಅಯೋವಾದ ವಿನ್ನೆಬೇಗೋ ಕಂಪನಿ ಮೋಟಾರುಮನೆಗಳನ್ನು ಮಾಡತೊಡಗಿತು. ರಸ್ತೆ ನುಣ್ಣಗಾದಷ್ಟೂ ಜನ ಓಡಿದರು. ಎಣ್ಣೆಯ ಬಿಕ್ಕಟ್ಟು ಬಂದು 1974ರಲ್ಲಿ ಇಡೀ ದೇಶಕ್ಕೆ ಗಂಟೆಗೆ 55 ಮೈಲಿಯ ಮಿತಿ ಹೇರಿದರು. 1995ರಲ್ಲಿ ಅದನ್ನೂ ತೆಗೆದರು.

ನನಗೆ ಆಶ್ಚರ್ಯ ಬೇರೊಂದು. ನಮ್ಮ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಐದು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು ಕೊಡಿ, ದಿನಕ್ಕೆ ಎಂಟು ಗಂಟೆಗೆ ನಿಲ್ಲಿಸಿ ಅನ್ನುತ್ತಿತ್ತು. ಅಮೆರಿಕದ ಲಾರಿ ಡ್ರೈವರಿಗೂ ಗಂಟೆಗಳ ಕಟ್ಟು ಇದೆ. ರಜೆಗೆ ಸ್ವಂತ ಸಂಸಾರ ಕೂರಿಸಿಕೊಂಡು ಆರ್‌ವಿ ಹೊಡೆಯುವವನಿಗೆ ಆ ಕಟ್ಟಿಲ್ಲ. ಮೇವಿಗೆ ನಿಲ್ಲುವ ಎತ್ತೂ ಇಲ್ಲ, ಚಕ್ರ ಹೂಳುವ ಕೆಸರೂ ಇಲ್ಲ. ಅದಕ್ಕೇ ಮುದುಕರು ಕೂತು ತಮಗೆ ತಾವೇ 300, 3, 3 ಹಾಕಿಕೊಂಡಿದ್ದಾರೆ.

ಆ ಬೆಳಿಗ್ಗೆ ನಾನು ಪೆಟ್ರೋಲ್ ಬಿಲ್ಲಿನ ಹಿಂದೆ ಹೊಸ ಶೆಡ್ಯೂಲು ಬರೆದೆ. ಆ ದಿನ ಕ್ಯಾಸ್ಪರ್‌ವರೆಗೆ ಮಾತ್ರ, ಸುಮಾರು 175 ಮೈಲಿ. ಮಾರನೇ ದಿನ ಇಂಡಿಪೆಂಡೆನ್ಸ್ ರಾಕ್. ಬಂಡೆಯ ಮೇಲೆ ಹೆಸರುಗಳು ಇನ್ನೂ ಇವೆಯಂತೆ, ಉಳಿಯಿಂದ ಕೆತ್ತಿದವು. ಕೆಲವರು ಕೀಲೆಣ್ಣೆಯಲ್ಲೂ ಬರೆದಿದ್ದರಂತೆ. ಕೀಲೆಣ್ಣೆ ಅಂದಾಗ ಅಜ್ಜನ ಗಾಡಿಯ ಅಚ್ಚಿನಡಿ ತೂಗುತ್ತಿದ್ದ ಬಿದಿರಿನ ಗೊಟ್ಟ ಕಣ್ಣಮುಂದೆ ಬಂತು.

ಕ್ಯಾಸ್ಪರ್ ಮುಟ್ಟಿದ್ದು ಎರಡು ಐವತ್ತಕ್ಕೆ. ಹಗಲು ಬೆಳಕಿನಲ್ಲಿ ಒಂದೇ ಸಲಕ್ಕೆ ರಿವರ್ಸ್ ಬಂತು, ಮಟ್ಟದ ಗುಳ್ಳೆ ನಡುವೆ ನಿಂತಿತು, ಮಗಳು ಕಾಫಿಗೆ ಹಾಲಿಟ್ಟಳು. ನಾನು ಬಿಲ್ಲಿನ ಹಿಂದೆ ಸಮಯ ನಮೂದಿಸಿದೆ. ಹತ್ತು ನಿಮಿಷ ಮುಂಚೆ. ಡಿಪೋದಲ್ಲಾಗಿದ್ದರೆ ಇದಕ್ಕೂ ಒಂದು ಮೆಮೊ ಕೊಡುತ್ತಿದ್ದೆ.